ಬಾಗಲಕೋಟೆ ಕಡೆ ಮನೆಯಲ್ಲೇ ಸಮುದ್ರದ ರೀಫ್ ಅಕ್ವೇರಿಯಂ, ಅಂದರೆ ಹವಳ (ಕೋರಲ್), ಮೀನು ಇರುವ ಉಪ್ಪುನೀರಿನ ಟ್ಯಾಂಕ್ ಮಾಡಬಹುದಾ? ಗೋವಾದಿಂದ ನೀರು, ಕಲ್ಲು ತಂದರೆ ನಡೆಯುತ್ತಾ?

ಒಂದೂವರೆ ಅಡಿಯ ಚಿಕ್ಕ ಟ್ಯಾಂಕ್, ಗೋವಾದಿಂದ ಕ್ಯಾನಿನಲ್ಲಿ ನೀರು, ಅಲ್ಲೇ ದಂಡೆಯಲ್ಲಿ ಆರಿಸಿದ ಕಲ್ಲು, 15 ಸಾವಿರ ಬಜೆಟ್. ಕೊನೆಗೆ "ಯಾವ ಮೀನು, ಯಾವ ಕೋರಲ್ ಹಾಕಲಿ?" ನಿಮ್ಮ ಪ್ರಶ್ನೆಯಲ್ಲಿ ಊರಿನ ಹೆಸರು ಬದಲಿಸಿದರೆ ಸಾಕು, ಅದು 2018ರ ನಾನೇ. ನೀವು ಬಾಗಲಕೋಟೆ, ನಾನು ವಿಜಯಪುರ.

ನಮ್ಮದು ಕಿಟಕಿ ಗಾಜು, ಅಲ್ಯುಮಿನಿಯಂ ಸೆಕ್ಷನ್ ಅಂಗಡಿ. ಟ್ಯಾಂಕ್ ಕಟ್ಟುವುದು ನನಗೆ ಕೈಗೆ ಕೂತ ಕೆಲಸ. ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ, 10 ಎಂಎಂ ಗಾಜು. ಸಿಲಿಕೋನ್ ಮಾತ್ರ ನೋಡಿ ತಗೊಳ್ಳಿ. ಬಾತ್‌ರೂಮಿಗೆ ಹಾಕುವ ಬೂಸ್ಟು ಹಿಡಿಯದ ಸಿಲಿಕೋನ್ ಬೇಡ, ಅದರಲ್ಲಿ ಬೂಸ್ಟು ಕೊಲ್ಲುವ ಔಷಧ ಇರುತ್ತದೆ. ಬೂಸ್ಟು ಕೊಲ್ಲುವುದು ಮೀನನ್ನು ಬಿಡುತ್ತಾ? ಒಂದು ವಾರ ಒಣಗಿಸಿ, ಅಂಗಳದಲ್ಲಿ ಕೆಳಗೆ ಪೇಪರ್ ಹಾಸಿ, ಬೋರ್ ನೀರು ತುಂಬಿಸಿ ಮೂರು ದಿನ ಬಿಟ್ಟೆ. ಸೋರಿದರೆ ಪೇಪರ್ ಮೇಲೆ ಕಲೆ ಕಾಣುತ್ತೆ. ಒಂದು ಹನಿಯೂ ಸೋರಲಿಲ್ಲ. ಅವತ್ತು ನನಗೆ ಬಂದ ಸೊಕ್ಕು ಅಷ್ಟಿಷ್ಟಲ್ಲ. ಟ್ಯಾಂಕ್ ಗಟ್ಟಿ ಇದ್ದರೆ ಅರ್ಧ ಕೆಲಸ ಮುಗಿದಂತೆ ಅಂದುಕೊಂಡೆ. ನಿಜ ಹೇಳಬೇಕಂದ್ರೆ ಅದು ಹತ್ತರಲ್ಲಿ ಒಂದು ಭಾಗವೂ ಅಲ್ಲ.

ಗೋವಾ ನೀರಿನ ಕಥೆ ಬೇಗ ಹೇಳಿಬಿಡುತ್ತೇನೆ. ಬೆಳಗಾವಿಗೆ ಗಾಜು ಇಳಿಸಲು ಹೋದ ಟೆಂಪೋವನ್ನೇ ಚೋರ್ಲಾ ಘಾಟ್ ಇಳಿಸಿ, 20 ಲೀಟರಿನ ಎಂಟು ಕ್ಯಾನ್ ತುಂಬಿಸಿಕೊಂಡು ಬಂದೆ. ಮೂರನೇ ದಿನ ಮುಚ್ಚಳ ತೆಗೆದರೆ ಕೊಳೆತ ವಾಸನೆ. ಸಮುದ್ರದ ನೀರಿನಲ್ಲಿ ಕಣ್ಣಿಗೆ ಕಾಣದ ಜೀವಗಳು ಇರುತ್ತವೆ, ಮುಚ್ಚಿದ ಕ್ಯಾನಿನಲ್ಲಿ ಅವು ಸಾಯುತ್ತವೆ. ಅದೂ ಅಲ್ಲದೆ ನಾನು ತುಂಬಿದ್ದು ನದಿ ಬಂದು ಸೇರುವ ಜಾಗದ ಹತ್ತಿರ, ಮಳೆಗಾಲ ಆಗಷ್ಟೇ ಮುಗಿದಿತ್ತು. ಉಪ್ಪಿನ ಅಂಶವೇ ಕಡಿಮೆ. ಆದಿಲ್ ಶಾಹಿಗಳು ತೊರವಿ ಕಡೆಯಿಂದ ನೆಲದೊಳಗೆ ಸುರಂಗ ಕೊರೆದು ಈ ಊರಿಗೆ ಸಿಹಿನೀರು ತಂದರು. ನಾನು ಟೆಂಪೋದಲ್ಲಿ ಉಪ್ಪುನೀರು ತಂದು ಚರಂಡಿಗೆ ಸುರಿದೆ.

ಆಮೇಲೆ ದಾರಿಗೆ ಬಂದೆ. ಅಕ್ವೇರಿಯಂಗೆಂದೇ ಬರುವ ರೀಫ್ ಉಪ್ಪು ತರಿಸಿದೆ. ಲೀಟರಿಗೆ ಸುಮಾರು 35 ಗ್ರಾಂ. ಅಡುಗೆ ಉಪ್ಪು, ಕಲ್ಲುಪ್ಪು ನಡೆಯುವುದಿಲ್ಲ, ಕೋರಲ್‌ಗೆ ಬೇಕಾದ ಕ್ಯಾಲ್ಸಿಯಂ, ಮೆಗ್ನೀಸಿಯಂ ಸರಿಯಾದ ಅಳತೆಯಲ್ಲಿ ಅದರಲ್ಲಿಲ್ಲ. ನೀರು? ನಮ್ಮ ಬೋರಿನ ಟಿಡಿಎಸ್, ಅಂದರೆ ನೀರಲ್ಲಿ ಕರಗಿದ ಲವಣದ ಅಳತೆ, 1400. ಮನೆಯ ಆರ್‌ಒದಿಂದ ಬಂದದ್ದು 140. ಯಾಕೆ ಅಷ್ಟು ಅಂತ ಮೆಷಿನ್ ಬಿಚ್ಚಿ ನೋಡಿದರೆ, ರುಚಿ ಬರಲಿ ಎಂದು ಸ್ವಲ್ಪ ಹಸಿ ನೀರನ್ನೇ ವಾಪಸ್ ಬೆರೆಸುವ ಒಂದು ತಿರುಪು ಇತ್ತು. ಅದನ್ನು ಬಂದ್ ಮಾಡಿ, ಮುಂದೆ ಉಳಿದ ಲವಣವನ್ನೂ ಹಿಡಿದುಕೊಳ್ಳುವ ಡಿಐ ಕಾರ್ಟ್ರಿಜ್ ಕೂರಿಸಿದ ಮೇಲೆ ಮೀಟರು ಸೊನ್ನೆ ತೋರಿಸಿತು. ನಿಮ್ಮ 15 ಸಾವಿರದಲ್ಲಿ ಮೊದಲ ಖರ್ಚು ಇದಕ್ಕೇ ಆಗಲಿ. ಮೀನಿಗಲ್ಲ.

ಕಲ್ಲನ್ನು ನಾನೇ ಮಾಡಿದೆ. ಇದು ಮಾತ್ರ ಇವತ್ತಿಗೂ ನನಗೆ ಹೆಮ್ಮೆ. ಕೋಳಿ ಆಹಾರದ ಅಂಗಡಿಯಲ್ಲಿ ಚಿಪ್ಪಿನ ನುಚ್ಚು ಸಿಗುತ್ತದೆ, ಮೊಟ್ಟೆ ಗಟ್ಟಿಯಾಗಲಿ ಎಂದು ಕೋಳಿಗೆ ಹಾಕುತ್ತಾರೆ. ಆ ನುಚ್ಚು ಎರಡು ಪಾಲು, ದಪ್ಪ ಕಲ್ಲುಪ್ಪು ಎರಡು ಪಾಲು, ಬಿಳಿ ಸಿಮೆಂಟ್ ಒಂದು ಪಾಲು. (ಕಲ್ಲುಪ್ಪು ಇಲ್ಲಿ ತೂತು ಬೀಳಿಸಲು ಮಾತ್ರ, ಕರಗಿ ಹೋಗುತ್ತೆ.) ಕೈಯಲ್ಲಿ ಉಂಡೆ, ಕಮಾನು, ಚಪ್ಪಟೆ, ಹೇಗೆ ಬೇಕೋ ಹಾಗೆ ಮಾಡಿ, ಗಟ್ಟಿಯಾದ ಮೇಲೆ ಹಿತ್ತಲಿನ ಹಳೇ ಕಲ್ಲು ದೋಣಿಯಲ್ಲಿ ನೀರಿಗೆ ಹಾಕಿದೆ. ಉಪ್ಪು ಕರಗಿ ಕಲ್ಲು ಸ್ಪಂಜಿನಂತೆ ತೂತು ತೂತಾಯಿತು. ಮೀನಿನ ಹೊಲಸಿನಿಂದ ಬರುವ ಅಮೋನಿಯಾ ವಿಷವನ್ನು ಕಳೆಯುವ ಬ್ಯಾಕ್ಟೀರಿಯಾ ಆ ತೂತುಗಳಲ್ಲೇ ಮನೆ ಮಾಡುವುದು. ಸಿಮೆಂಟಿನ ಕ್ಷಾರ ಹೋಗಲು ಎರಡು ತಿಂಗಳು ಬೇಕಾಯಿತು. ನೀರು ಬದಲಿಸುತ್ತ, ಪಿಎಚ್ 8.5ಕ್ಕಿಂತ ಕೆಳಗೆ ಬರುವವರೆಗೆ ಕಾದೆ. ನಿಮ್ಮೂರ ಸುಣ್ಣದ ಕಲ್ಲನ್ನೂ ಒಮ್ಮೆ ತಂದು ನೋಡಿದ್ದೆ. ತುಂಬಾ ಗಟ್ಟಿ, ತೂತಿಲ್ಲ, ಸುಮ್ನೆ ಭಾರ.

ಬ್ಯಾಕ್ಟೀರಿಯಾ ಬೆಳೆಸಲು ಅಮೋನಿಯಾ ಬೇಕು. ಸಾಮಾನ್ಯವಾಗಿ ಹಸಿ ಸೀಗಡಿಯ ತುಂಡು ಹಾಕಿ ಕೊಳೆಯಲು ಬಿಡುತ್ತಾರೆ. ನಮ್ಮದು ಅದನ್ನೆಲ್ಲ ಹೊಸ್ತಿಲ ಒಳಗೆ ತರದ ಮನೆ. ಲ್ಯಾಬ್ ಸಾಮಾನಿನ ಅಂಗಡಿಯಿಂದ ಅಮೋನಿಯಂ ಕ್ಲೋರೈಡ್ ತಂದೆ, ಕಲಾಯಿ ಹಾಕುವವರು ಬಳಸುವ ನವಸಾಗರವೇ, ಶುದ್ಧವಾದದ್ದು. 150 ಲೀಟರಿಗೆ ಒಂದು ಗ್ರಾಂ ಸಾಕು. ಅಮೋನಿಯಾ ನೈಟ್ರೈಟ್ ಆಗಿ, ನೈಟ್ರೈಟ್ ನೈಟ್ರೇಟ್ ಆಗಿ, ಮೊದಲಿನ ಎರಡೂ ಸೊನ್ನೆಗೆ ಬರಲು ಐದು ವಾರ ಹಿಡಿಯಿತು.

ಫೆಬ್ರವರಿಯಲ್ಲಿ ಒಂದು ಜೊತೆ ಕ್ಲೌನ್ ಮೀನು, ಒಂದು ಕ್ಲೀನರ್ ಸೀಗಡಿ, ಆರು ಬಸವನಹುಳು, ಮೆತ್ತನೆಯ ಕೋರಲ್‌ನಂಥ ಸ್ವಲ್ಪ ಜೊಯಾಂಥಸ್, ಜೀನಿಯಾ (Xenia) ಎಂಬ ಇನ್ನೊಂದು ಮೆತ್ತನೆಯ ಕೋರಲ್ ತಂದೆ. ಜೀನಿಯಾ ನೋಡಿದ್ದೀರಾ? ಸಾವಿರ ಪುಟ್ಟ ಕೈಗಳು ಮುಷ್ಟಿ ಮುಚ್ಚಿ ತೆರೆದು ಮಾಡಿದ ಹಾಗೆ ಇರುತ್ತೆ. ಅಂಗಡಿ ಮುಚ್ಚಿ ಬಂದು ಅದರ ಮುಂದೆ ಕೂತರೆ ಊಟಕ್ಕೆ ಎರಡು ಸಲ ಕರೆಯಬೇಕಿತ್ತು.

ಈಗ ಆ ತಪ್ಪಿಗೆ ಬರುತ್ತೇನೆ. ಇದನ್ನು ನಿಧಾನವಾಗಿ ಓದಿ.

ಮಾರ್ಚ್ ಕೊನೆಗೆ ಟ್ಯಾಂಕಿನ ನೀರು 32 ಡಿಗ್ರಿ ಆಯಿತು. ರೀಫ್‌ಗೆ 25, 26 ಹಿತ, 30 ದಾಟಿದರೆ ಕೋರಲ್ ಬಿಳಿಚಿಕೊಳ್ಳುತ್ತವೆ. ಚಿಲ್ಲರ್ ಕೊಳ್ಳುವಷ್ಟು ದುಡ್ಡಿರಲಿಲ್ಲ. ನೀರಿನ ಮೇಲೆ ಬೀಸುವ ಹಾಗೆ ಒಂದು ಫ್ಯಾನ್ ಕೂರಿಸಿದೆ. ಮಣ್ಣಿನ ಮಡಿಕೆ ತಣ್ಣಗಾಗುವ ಲೆಕ್ಕವೇ. ನಮ್ಮ ಒಣ ಗಾಳಿಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ, ಮಂಗಳೂರಿನಲ್ಲಿ ಇಷ್ಟು ಆಗುವುದಿಲ್ಲ. 28ಕ್ಕೆ ಇಳಿಯಿತು. ಆದರೆ ದಿನಕ್ಕೆ ನಾಲ್ಕು ಲೀಟರ್ ನೀರು ಆವಿಯಾಗಿ ಹೋಗತೊಡಗಿತು.

ಉಪ್ಪು ಅಳೆಯಲು ನನ್ನ ಬಳಿ ಇದ್ದದ್ದು ಒಂದು ಪ್ಲಾಸ್ಟಿಕ್ ಹೈಡ್ರೋಮೀಟರ್. ಡಬ್ಬಿಯೊಳಗೆ ತೂಗುವ ಮುಳ್ಳು, ಉಪ್ಪು ಹೆಚ್ಚಿದ್ದಷ್ಟೂ ಮುಳ್ಳು ಮೇಲೇಳುತ್ತದೆ. ಬಳಸಿದ ಮೇಲೆ ಸಿಹಿನೀರಲ್ಲಿ ತೊಳೆದಿಡಬೇಕು. ನಾನು ತೊಳೆಯುತ್ತಿರಲಿಲ್ಲ. ಮುಳ್ಳಿನ ಮೇಲೆ ಉಪ್ಪು ಒಣಗಿ ಪೊರೆ ಕಟ್ಟಿತು. ಮುಳ್ಳು ಭಾರವಾಯಿತು. ಭಾರವಾದ ಮುಳ್ಳು ಮೇಲೇಳುವುದಿಲ್ಲ. ಇರಬೇಕಾದ್ದು 1.025 ಅಥವಾ 1.026, ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿದ್ದರೆ ಅದು ತೋರಿಸುವ ಅಂಕಿ. ಏಪ್ರಿಲ್ ಮೊದಲ ವಾರ ಅದು 1.022 ತೋರಿಸಿತು.

ಓಹೋ, ಉಪ್ಪು ಕಡಿಮೆಯಾಗಿದೆ ಅಂದುಕೊಂಡೆ. ಉಪ್ಪು ಎಲ್ಲಿಗೆ ಹೋಗುತ್ತೆ? ಟ್ಯಾಂಕ್ ಸೋರುತ್ತಿಲ್ಲ ಅಂತ ಪೇಪರ್ ಹಾಸಿ ನೋಡಿದವನು ನಾನೇ. ಗಾಳಿಗೆ ಹಾರುವುದು ಬರೀ ನೀರು, ಉಪ್ಪು ಅಲ್ಲೇ ಉಳಿಯುತ್ತದೆ. ಇಷ್ಟು ಸಣ್ಣ ಪ್ರಶ್ನೆ ನನ್ನ ತಲೆಗೆ ಬರಲಿಲ್ಲ. ಅಲ್ಲಿಯವರೆಗೆ ಸಿಹಿನೀರು ತುಂಬಿಸುತ್ತಿದ್ದವನು, ನೀಲಿ ಡ್ರಮ್ಮಿನಲ್ಲಿ ಉಪ್ಪುನೀರು ಕಲಸಿಟ್ಟುಕೊಂಡು ಅದನ್ನೇ ದಿನಾ ನಾಲ್ಕು ಲೀಟರ್ ಹಾಕತೊಡಗಿದೆ.

ಲೆಕ್ಕ ಹಾಕಿ. ನಾಲ್ಕು ಲೀಟರಿನಲ್ಲಿ 140 ಗ್ರಾಂ ಉಪ್ಪು. ಹತ್ತು ದಿನಕ್ಕೆ 1400 ಗ್ರಾಂ. ಕಲ್ಲು ಕಳೆದರೆ ನನ್ನ ಟ್ಯಾಂಕಿನಲ್ಲಿ ಇದ್ದ ನೀರು 150 ಲೀಟರ್. ಅಂದರೆ ಲೀಟರಿಗೆ ಒಂಬತ್ತು ಗ್ರಾಂ ಜಾಸ್ತಿ. 35 ಇದ್ದದ್ದು 44. ಮುಳ್ಳಿಗೆ ಪೊರೆ ಬೆಳೆಯುತ್ತಲೇ ಇತ್ತು, ಹಾಗಾಗಿ ಮೀಟರು ಮಾತ್ರ ಎಲ್ಲಾ ಸರಿಯಿದೆ ಅನ್ನುತ್ತಿತ್ತು.

ಮೊದಲು ಜೊಯಾಂಥಸ್ ಮುಚ್ಚಿಕೊಂಡವು. ಆಮೇಲೆ ಜೀನಿಯಾ ಕೈ ಆಡಿಸುವುದು ನಿಲ್ಲಿಸಿತು. ಬಸವನಹುಳು ಅಂಗಾತ ಬಿದ್ದವು. ನಾನು ಬಿಸಿಲಿಗೆ ಬೈದೆ. ಬೈದು ಏನು ಮಾಡಿದೆ ಗೊತ್ತಾ? ಇನ್ನೊಂದು ಫ್ಯಾನ್ ಹಾಕಿದೆ. ಗಾಜಿನ ಅಂಚಿನಲ್ಲಿ ಬಿಳಿ ಉಪ್ಪು ಕಟ್ಟಿಕೊಂಡು ನಿಂತಿತ್ತು, ಅದನ್ನು ಬಟ್ಟೆಯಲ್ಲಿ ಒರೆಸಿ ಚಂದ ಕಾಣಲಿ ಅಂದೆ.

ನಮ್ಮವ್ವ ಇದನ್ನೆಲ್ಲ ದೂರದಿಂದ ನೋಡುತ್ತಿದ್ದಳು. ಹತ್ತನೇ ದಿನ ನಾನು ಡ್ರಮ್ಮಿನಿಂದ ಮೊಗೆಯುವಾಗ, "ಅದರಾಗ ಉಪ್ಪ ಹಾಕೀದಿಯೇನು?" ಅಂದಳು. ಹೌದು ಅಂದೆ. "ಸಾರು ಬತ್ತಿದ್ರ ಮ್ಯಾಲ ನೀರ ಹಾಕ್ತಾರೋ, ಮತ್ತ ಸಾರ ಹಾಕ್ತಾರೋ?"

ಮೊಗೆದ ತಂಬಿಗೆ ಕೈಯಲ್ಲೇ ಉಳಿಯಿತು. ಅವತ್ತೇ ಬೆಳಕು ಬಾಗುವುದನ್ನು ನೋಡಿ ಉಪ್ಪು ಅಳೆಯುವ ರಿಫ್ರಾಕ್ಟೋಮೀಟರನ್ನು ಗೆಳೆಯನೊಬ್ಬನಿಂದ ತರಿಸಿ ಒಂದು ಹನಿ ಹಾಕಿ ನೋಡಿದೆ. ಗೆರೆ 44ರ ಮೇಲೆ.

ಇಲ್ಲಿಗೆ ನಿಂತಿದ್ದರೆ ಸೀಗಡಿಯಾದರೂ ಉಳಿಯುತ್ತಿತ್ತೇನೋ. ಗಾಬರಿಯಲ್ಲಿ 30 ಲೀಟರ್ ತೆಗೆದು, ಅಷ್ಟೇ ಸಿಹಿನೀರನ್ನು ಒಂದೇ ತಾಸಿನಲ್ಲಿ ಸುರಿದೆ. ಮೀಟರು 35ಕ್ಕೆ ಬಂತು, ಸೀಗಡಿ ಬೆಳಿಗ್ಗೆ ಸತ್ತಿತ್ತು. ಹತ್ತು ದಿನದಲ್ಲಿ ಏರಿದ್ದನ್ನು ಒಂದು ತಾಸಿನಲ್ಲಿ ಇಳಿಸಿದರೆ ಮೆದು ಮೈಯ ಜೀವಗಳು ತಡೆಯುವುದಿಲ್ಲ. ದಿನಕ್ಕೆ ಮೂರ್ನಾಲ್ಕು ಲೀಟರ್ ಮಾತ್ರ ಬದಲಿಸಿ, ಒಂದೊಂದೇ ಗ್ರಾಂ ಇಳಿಸಬೇಕಿತ್ತು. ಎರಡು ದಿನದಲ್ಲಿ ಜೀನಿಯಾ ಕರಗಿ ಲೋಳೆಯಾಯಿತು. ಬಸವನಹುಳು ಆರೂ ಹೋದವು. ಒಂದು ಕ್ಲೌನ್ ಸತ್ತಿತು, ಇನ್ನೊಂದು ಉಳಿಯಿತು. ಉಳಿದದ್ದಕ್ಕೆ ಇಂದಿಗೂ ಬಲಗಡೆಯ ರೆಕ್ಕೆ ಸ್ವಲ್ಪ ಹರಿದಿದೆ.

ಹಾಗಾಗಿ "ಯಾವ ಮೀನು ಹಾಕಲಿ" ಅನ್ನುವ ನಿಮ್ಮ ಪ್ರಶ್ನೆಗೆ ನಾನು ಉತ್ತರ ಕೊಡುವುದಿಲ್ಲ. ಅದು ಮೂರು ತಿಂಗಳ ಆಮೇಲಿನ ಪ್ರಶ್ನೆ. ನೀವು ಕಟ್ಟುತ್ತಿರುವುದು ಮೀನಿನ ಮನೆ ಅಲ್ಲ, ನೀರು. ಮೊದಲ ಎರಡು ತಿಂಗಳು ಬರೀ ಕಲ್ಲು, ನೀರು ಇಟ್ಟುಕೊಂಡು ದಿನಾ ಅಳೆಯಿರಿ. ಬೇಜಾರಾದರೆ ಒಳ್ಳೆಯದೇ, ಬೇಜಾರು ತಡೆಯದವರಿಗೆ ಇದು ಆಗಿಬರುವುದಿಲ್ಲ.

ಚಿಕ್ಕ ಟ್ಯಾಂಕ್ ಸುಲಭ ಅನ್ನುವುದನ್ನಂತೂ ಬಿಟ್ಟುಬಿಡಿ. ಒಂದೂವರೆ ಅಡಿ ಟ್ಯಾಂಕಿನಲ್ಲಿ ನಿಜವಾಗಿ ನಿಲ್ಲುವ ನೀರು 35 ಲೀಟರ್. ಮೇ ತಿಂಗಳಲ್ಲಿ ಫ್ಯಾನ್ ಹಾಕಿದರೆ ದಿನಕ್ಕೆ ಒಂದೂವರೆ ಲೀಟರ್ ಹೋಗುತ್ತೆ. 35 ಇದ್ದ ಉಪ್ಪು ಮರುದಿನಕ್ಕೆ 36.5. ಎರಡು ದಿನ ಮದುವೆಗೆ ಹೋಗಿ ಬಂದರೆ 38. ನೀರು ಹೆಚ್ಚಿದ್ದಷ್ಟೂ ನಿಮ್ಮ ತಪ್ಪನ್ನು ಅದು ಹೊಟ್ಟೆಗೆ ಹಾಕಿಕೊಳ್ಳುತ್ತೆ. ಮೂರಡಿ ಕಟ್ಟಿ. ಕರೆಂಟ್ ಹೋದಾಗ ನೀರು ಅಲ್ಲಾಡಿಸುವ ಒಂದು ಪಂಪ್ ಆದರೂ ಇನ್ವರ್ಟರ್ ಮೇಲಿರಲಿ, ಲೈಟ್ ಆರಿದರೆ ಏನೂ ಆಗಲ್ಲ.

ಗೋವಾದ ಕಲ್ಲಿನ ವಿಷಯಕ್ಕೆ ಬಂದರೆ, ಬೇಡವೇ ಬೇಡ, ಅದರಲ್ಲಿ ಕೋರಲ್ ಸೇರಿರಬಹುದು. ಸಮುದ್ರದ ಗಟ್ಟಿ ಕೋರಲ್‌ಗಳೆಲ್ಲ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಶೆಡ್ಯೂಲಿನಲ್ಲಿವೆ, ಹುಲಿಯ ಸಾಲಿನಲ್ಲಿ. ಸೀ ಫ್ಯಾನ್, ಸಮುದ್ರ ಕುದುರೆಗೂ ಅದೇ ಕಾಯ್ದೆಯ ರಕ್ಷಣೆ ಇದೆ. ಯಾರಾದರೂ ಫೋಟೋ ಕಳಿಸಿ "ಕಡಿಮೆ ರೇಟಿಗೆ ಕೊಡ್ತೀನಿ" ಅಂದರೆ ಫೋನ್ ಇಡಿ. ಮಶ್ರೂಮ್, ಜೊಯಾಂಥಸ್, ಜೀನಿಯಾದಂಥ ಮೆತ್ತನೆಯವು ಸಾಕು, ಅವನ್ನೂ ಯಾರದಾದರೂ ಟ್ಯಾಂಕಿನಲ್ಲಿ ಬೆಳೆದ ತುಂಡಾಗಿ ತಗೊಳ್ಳಿ. ಜೊಯಾಂಥಸ್ ಮುಟ್ಟುವಾಗ ಗ್ಲೌಸ್ ಇರಲಿ, ಅದು ಕೂತ ಕಲ್ಲನ್ನು ಬಿಸಿನೀರಲ್ಲಿ ಕುದಿಸಬೇಡಿ, ಅದರ ವಿಷ ಆಟದ ಮಾತಲ್ಲ. ಕ್ಲೌನ್ ಮೀನು ಕೂಡ ಸಾಕಿ ಮರಿ ಮಾಡಿದ್ದೇ ಸಿಗುತ್ತವೆ, ತಮಿಳುನಾಡಿನ ಮಂಡಪಂನಲ್ಲಿರುವ ಕೇಂದ್ರ ಸರ್ಕಾರದ ಮೀನುಗಾರಿಕೆ ಸಂಶೋಧನಾ ಕೇಂದ್ರದವರು ಆ ವಿದ್ಯೆಯನ್ನು ಎಷ್ಟೋ ವರ್ಷದ ಹಿಂದೆಯೇ ಕುದುರಿಸಿದ್ದಾರೆ. ನಿಜವಾದ ರೀಫ್ ನೋಡುವ ಆಸೆ ಇದ್ದರೆ ಮಳೆಗಾಲ ಮುಗಿದ ಮೇಲೆ ಮುರ್ಡೇಶ್ವರಕ್ಕೆ ಹೋಗಿ, ಅಲ್ಲಿಂದ ಬೋಟಿನಲ್ಲಿ ನೇತ್ರಾಣಿ ದ್ವೀಪಕ್ಕೆ. ನೋಡಿ, ಏನೂ ಎತ್ತಿಕೊಂಡು ಬರಬೇಡಿ.

15 ಸಾವಿರಕ್ಕೆ ಆಗುತ್ತಾ ಅಂದರೆ, ಆಗಲ್ಲ. ಗಾಜು ನನ್ನದೇ ಅಂಗಡಿಯದ್ದಾದರೂ ಮೊದಲ ವರ್ಷ ನನಗೆ 60 ಸಾವಿರ ಹತ್ತಿರ ಬಿತ್ತು. ಅದರಲ್ಲಿ ಸತ್ತ ಜೀವಗಳ ಬೆಲೆಯೂ ಸೇರಿದೆ. ದುಡ್ಡು ಕೂಡುವವರೆಗೆ ಕಲ್ಲು ಮಾಡಿಕೊಂಡಿರಿ, ಹೇಗೂ ಎರಡು ತಿಂಗಳು ನೆನೆಯಬೇಕು. ಮೊದಲು ಕೊಳ್ಳುವ ಅಳತೆ ಸಾಮಾನು ರಿಫ್ರಾಕ್ಟೋಮೀಟರ್ ಆಗಿರಲಿ, ಜೊತೆಗೆ ಅದು ಸರಿ ತೋರಿಸುತ್ತಿದೆಯೇ ಎಂದು ನೋಡಲು, ಉಪ್ಪಿನ ಅಂಶ ನಿಖರವಾಗಿ 35 ಇರುವ ದ್ರಾವಣದ ಸಣ್ಣ ಬಾಟಲಿ.

ಈಗ ನಮ್ಮ ಟ್ಯಾಂಕಿನ ಗಾಜಿನ ಮೇಲೆ ಕಪ್ಪು ಮಾರ್ಕರಿನಲ್ಲಿ ಎಳೆದ ಒಂದು ಗೆರೆ ಇದೆ. ಬೆಳಿಗ್ಗೆ ಅವ್ವ ತುಳಸಿಗೆ ನೀರು ಹಾಕಿ ಬಂದು, ಅದೇ ತಂಬಿಗೆಯಲ್ಲಿ ಸೊನ್ನೆ ಟಿಡಿಎಸ್ ನೀರು ತುಂಬಿಕೊಂಡು, ಗೆರೆ ಮುಟ್ಟುವವರೆಗೆ ತೆಳ್ಳಗೆ ಹಾಕುತ್ತಾಳೆ. ಹರಿದ ರೆಕ್ಕೆಯ ಕ್ಲೌನ್ ಅವಳ ಬಳೆ ಸದ್ದಿಗೆ ಮೇಲೆ ಬರುತ್ತದೆ. ಹೊಸ ಜೀನಿಯಾ ಕಲ್ಲು ಬಿಟ್ಟು ಗಾಜಿಗೂ ಹಬ್ಬಿದೆ, ಕತ್ತರಿಸಿ ಎಸೆಯುವಷ್ಟು. ನಿಮ್ಮ ನೀರು ಎರಡು ತಿಂಗಳು ಸರಿಯಾಗಿ ನಿಂತ ಮೇಲೆ ಹೇಳಿ, ಬಾಗಲಕೋಟೆಯಿಂದ ಇಲ್ಲಿಗೆ ಎರಡು ತಾಸಿನ ಬಸ್ಸು. ಒಂದು ತುಂಡು ಸುಮ್ನೆ ಕೊಡುತ್ತೇನೆ. ಬರುವಾಗ ಮುಚ್ಚಳ ಗಟ್ಟಿ ಇರುವ ಡಬ್ಬಿ ತನ್ನಿ.