ಮಾತ್ರೆ ಇಲ್ಲದೆ ಆತಂಕ ಕಡಿಮೆ ಮಾಡಿಕೊಳ್ಳಬಹುದಾ? ಆಗುತ್ತೆ, ಆದರೆ ಬರೀ ಉಸಿರಾಟದಿಂದ ಅಲ್ಲ

ನೀವು ಬರೆದದ್ದು ಇಷ್ಟು: ಬ್ಯಾಂಕ್ ಕೆಲಸ, ತಿಂಗಳ ಕೊನೆಗೆ ಟಾರ್ಗೆಟ್ ಕಾಟ, ರಾತ್ರಿ ಮೂರು ಗಂಟೆಗೆ ಎಚ್ಚರವಾಗಿ ಎದೆ ಢವಢವ. ಇಸಿಜಿ ಸರಿಯಾಗಿದೆ, ಇದು ಆತಂಕ ಅಂತ ಡಾಕ್ಟರ್ ಹೇಳಿದ್ದಾರೆ. ಮಾತ್ರೆ ಶುರು ಮಾಡಿದರೆ ಜೀವನಪೂರ್ತಿ ಬಿಡೋಕಾಗಲ್ಲ ಅನ್ನೋ ಭಯ. ಬೇರೆ ದಾರಿ ಇದೆಯಾ ಅಂತ ಕೇಳಿದ್ದೀರಿ.

ಇದೆ. ನಾನು ಡಾಕ್ಟರ್ ಅಲ್ಲ. ದಾವಣಗೆರೆಯಲ್ಲಿ ಒಂದು ಟ್ಯಾಕ್ಸ್ ಆಫೀಸಿನಲ್ಲಿ ಕೆಲಸ. ಜಿಎಸ್‌ಟಿ ರಿಟರ್ನ್ ಹಾಕೋರಿಗೆ ತಿಂಗಳಲ್ಲಿ ಎರಡು ತಾರೀಕು ಬಂದರೆ ಸಾಕು, ಹೊಟ್ಟೆಯಲ್ಲಿ ಸಂಕಟ: 11 ಮತ್ತು 20. ಕೊನೆ ದಿನ ಪೋರ್ಟಲ್ ಸುತ್ತುತ್ತಾ ಕೂತಿರುತ್ತೆ, ಪಾರ್ಟಿಗಳು, ಅಂದರೆ ನಮ್ಮ ಗಿರಾಕಿಗಳು, ಸಂಜೆ ಆರಕ್ಕೆ ಬಿಲ್ ಕಳಿಸುತ್ತಾರೆ. ನಿಮ್ಮ ಟಾರ್ಗೆಟ್ ಸಂಕಟ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಮೊದಲು ಒಂದು ಸಣ್ಣ ಕೆಲಸ. ಇಸಿಜಿ ಆಯಿತು ಸರಿ, ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ನೋಡಿಸಿದ್ದೀರಾ? ಥೈರಾಯ್ಡ್ ಜಾಸ್ತಿಯಾದರೂ ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ, ನಿದ್ದೆ ಕೆಡುತ್ತದೆ. ಅದಿದ್ದರೆ ಎಷ್ಟು ಧ್ಯಾನ ಮಾಡಿದರೂ ಪ್ರಯೋಜನವಿಲ್ಲ. ನಿಮ್ಮ ಡಾಕ್ಟರನ್ನೇ ಕೇಳಿ ನೋಡಿ.

ಇನ್ನು ಉಸಿರಾಟ. ಎಲ್ಲರೂ ಹೇಳೋದು ‘ಜೋರಾಗಿ ಉಸಿರು ತಗೋ’ ಅಂತ. ಗಾಬರಿಯಾದಾಗ ನಾವು ಆಗಲೇ ಬೇಕಾದ್ದಕ್ಕಿಂತ ಜಾಸ್ತಿ ಉಸಿರಾಡುತ್ತಿರುತ್ತೇವೆ. ಅದರಿಂದ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಕಡಿಮೆಯಾಗಿ ಬೆರಳು ಜುಮ್ ಅನ್ನುತ್ತದೆ, ತಲೆ ತಿರುಗುತ್ತದೆ. ‘ಅಯ್ಯೋ, ಏನೋ ಆಗ್ತಿದೆ’ ಅಂತ ಭಯ ಇನ್ನೂ ಏರುತ್ತದೆ. ಅದರ ಮೇಲೆ ಇನ್ನಷ್ಟು ಗಾಳಿ ಎಳೆದುಕೊಂಡರೆ ಕಷ್ಟ ಹೆಚ್ಚುತ್ತದೆ ಅಷ್ಟೇ. ಬೇಕಾಗಿರೋದು ನಿಧಾನ. ಮೂಗಿನಿಂದ ಸಾಧಾರಣವಾಗಿ ಒಳಗೆ, ಅದಕ್ಕಿಂತ ಉದ್ದವಾಗಿ ಹೊರಗೆ. ನಿಮಿಷಕ್ಕೆ ಸುಮಾರು ಆರು ಉಸಿರು ಬಂದರೆ ಸಾಕು. ಉಸಿರು ಬಿಡುವಾಗ ವೇಗಸ್ ಅನ್ನೋ ನರದ ಮೂಲಕ ಎದೆಬಡಿತ ತಾನಾಗಿ ಸ್ವಲ್ಪ ಇಳಿಯುತ್ತದೆ, ಅದಕ್ಕೇ ಬಿಡುವ ಭಾಗ ಉದ್ದ ಇರಬೇಕು. ಭ್ರಾಮರಿಯಲ್ಲಿ ದುಂಬಿಯ ಹಾಗೆ ಗುಂಯ್ ಅಂತ ಉಸಿರು ಬಿಡೋದೂ ಇದೇ ಲೆಕ್ಕ. ಆಫೀಸಿನಲ್ಲಿ ಗುಂಯ್ ಅಂದರೆ ಪಕ್ಕದವರು ಒಂಥರಾ ನೋಡುತ್ತಾರೆ, ಅಲ್ಲಿ ಬಾಯಿ ಮುಚ್ಚಿಕೊಂಡು ಸುಮ್ನೆ ಬಿಟ್ಟರೂ ನಡೆಯುತ್ತೆ.

ರಾತ್ರಿ ಮೂರು ಗಂಟೆಯ ವಿಷಯಕ್ಕೆ ಬಂದರೆ, ಸಂಜೆ ಎಷ್ಟು ಕಾಫಿ ಕುಡೀತೀರಿ? ಕೆಫೀನ್ ಅರ್ಧ ಇಳಿಯೋಕೆ ಸುಮಾರು ಐದು ಗಂಟೆ ಬೇಕು. ಆರು ಗಂಟೆಗೆ ಕುಡಿದ ಸ್ಟ್ರಾಂಗ್ ಫಿಲ್ಟರ್ ಕಾಫಿ ಹನ್ನೊಂದಕ್ಕೂ ಅರ್ಧ ಒಳಗೇ ಇರುತ್ತೆ. ನಾನು ಮಧ್ಯಾಹ್ನದ ಮೇಲೆ ಕಾಫಿ ಬಿಟ್ಟೆ. ಮೊದಮೊದಲು ತಲೆನೋವು ಬಂತು, ಆಮೇಲೆ ಹೋಯಿತು. ‘ನಿದ್ದೆ ಬರಲಿ’ ಅಂತ ಒಂದು ಪೆಗ್ ಹಾಕೋ ಅಭ್ಯಾಸ ಇದ್ದರೆ ಅದೂ ಬೇಡ. ನಿದ್ದೆ ಬೇಗ ಹತ್ತುತ್ತದೆ, ನಡುರಾತ್ರಿ ಮುರಿಯುತ್ತದೆ. ಎಚ್ಚರವಾದ ಮೇಲೆ ಗಡಿಯಾರ ನೋಡಬೇಡಿ. ಇಪ್ಪತ್ತು ನಿಮಿಷ ಆದ ಹಾಗೆ ಅನ್ನಿಸಿದರೂ ನಿದ್ದೆ ಬರದಿದ್ದರೆ ಎದ್ದು ಬೇರೆ ಕಡೆ ಕೂತು ಏನಾದರೂ ಬೋರ್ ಹೊಡೆಸೋದು ಓದಿ. ತೂಕಡಿಕೆ ಬಂದಾಗ ವಾಪಸ್ ಹಾಸಿಗೆಗೆ. ಮೊಬೈಲ್ ಮಾತ್ರ ಬೇಡ.

ಎಚ್ಚರವಾದಾಗ ಬರೋ ಯೋಚನೆಗಳಿಗೆ ಒಂದು ಉಪಾಯ ಇದೆ. 1983ರಲ್ಲಿ ಥಾಮಸ್ ಬೊರ್ಕೊವೆಕ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞರು ಮತ್ತು ಜೊತೆಯವರು ಇದನ್ನು ಪರೀಕ್ಷಿಸಿ ಬರೆದರು: ದಿನಾ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ಕೂತು ಅರ್ಧ ಗಂಟೆ ಚಿಂತೆ ಮಾಡೋದು. ಉಳಿದ ಹೊತ್ತಲ್ಲಿ ಚಿಂತೆ ಬಂದರೆ ‘ಸಂಜೆ ನೋಡ್ಕೊಳ್ಳೋಣ’ ಅಂತ ಮುಂದೂಡೋದು. ಕೇಳೋಕೆ ತಮಾಷೆ ಅನ್ನಿಸುತ್ತೆ, ನಾನೂ ನಕ್ಕಿದ್ದೆ. ನಾನು ಊಟಕ್ಕೆ ಮುಂಚೆ ಒಂದು ಹಳೇ ಡೈರಿ ಹಿಡಿದು ವರಾಂಡದಲ್ಲಿ ಕೂರುತ್ತೇನೆ. ರಾತ್ರಿ ಸುಡುತ್ತಿದ್ದ ವಿಷಯ ಸಂಜೆ ಬರೆಯುವಾಗ ಎಷ್ಟೋ ಸಲ ಒಂದೂವರೆ ಸಾಲಿಗೆ ಮುಗಿದುಹೋಗುತ್ತದೆ. ಅರ್ಧ ಗಂಟೆ ತುಂಬಿಸೋದೇ ಕಷ್ಟ. ಉಳಿದದ್ದರಲ್ಲಿ ನಾಳೆ ಏನಾದರೂ ಮಾಡೋಕೆ ಸಾಧ್ಯ ಇರೋದರ ಮುಂದೆ ಒಂದು ಕೆಲಸ ಬರೆದುಕೊಳ್ಳುತ್ತೇನೆ.

ಆದರೆ ಇಷ್ಟೆಲ್ಲ ಮಾಡಿಯೂ ಆತಂಕ ಹೋಗದೆ ಇರೋದಕ್ಕೆ ಮುಖ್ಯ ಕಾರಣ ಬೇರೆ. ನಾವು ತಪ್ಪಿಸಿಕೊಳ್ಳುತ್ತಾ ಇರುತ್ತೇವೆ. ನನ್ನ ಮಟ್ಟಿಗೆ ಅತಿ ಹೆಚ್ಚು ಫಲ ಕೊಟ್ಟಿದ್ದು ಇದನ್ನು ಹಿಡಿದಿದ್ದು.

ಫೋನಿನ ಉದಾಹರಣೆ ತಗೊಳ್ಳಿ. ಒಬ್ಬ ಪಾರ್ಟಿ ಇದ್ದರು, ಅವರ ಹೆಸರು ಸ್ಕ್ರೀನ್ ಮೇಲೆ ಬಂದರೆ ನನ್ನ ಕೈಕಾಲು ತಣ್ಣಗಾಗುತ್ತಿತ್ತು. ರಿಂಗ್ ಆಗಿ ನಿಲ್ಲಲಿ ಅಂತ ಬಿಡುತ್ತಿದ್ದೆ, ಇಲ್ಲಾ ಪಕ್ಕದವರ ಕೈಗೆ ಕೊಡುತ್ತಿದ್ದೆ. ನಿಂತ ತಕ್ಷಣ ಎಂಥಾ ನಿರಾಳ! ಆ ನಿರಾಳವೇ ಸಾಲ ಕೊಡೋ ಶೆಟ್ಟರ ಹಾಗೆ, ಮುಂದಿನ ಸಲ ಬಡ್ಡಿ ಸೇರಿಸಿ ವಸೂಲಿ ಮಾಡುತ್ತದೆ. ಯಾಕೆಂದರೆ ‘ಫೋನ್ ಎತ್ತದೆ ಇದ್ದಿದ್ದಕ್ಕೇ ಬಚಾವಾದೆ’ ಅಂತ ಮನಸ್ಸು ಕಲಿಯುತ್ತದೆ. ಎತ್ತಿದ್ದರೂ ಏನೂ ಆಗುತ್ತಿರಲಿಲ್ಲ ಅನ್ನೋದು ಅದಕ್ಕೆ ಗೊತ್ತಾಗೋಕೆ ಅವಕಾಶವೇ ಸಿಗಲ್ಲ.

ಇದಕ್ಕಿಂತ ಕಳ್ಳ ರೂಪಗಳೂ ಇವೆ. ರಿಟರ್ನ್ ಫೈಲ್ ಆದ ಮೇಲೆ ಎಆರ್‌ಎನ್ ಅನ್ನೋ ರಸೀದಿ ನಂಬರ್ ಬರುತ್ತದೆ. ಬಂತು ಅಂದರೆ ಕೆಲಸ ಮುಗಿಯಿತು. ನಾನು ಮತ್ತೆ ಲಾಗಿನ್ ಆಗಿ ‘ಫೈಲ್ಡ್’ ಅಂತ ಇದೆಯಾ ನೋಡುತ್ತಿದ್ದೆ, ಮನೆಗೆ ಹೋಗಿ ಇನ್ನೊಂದು ಸಲ. ಜಾಗ್ರತೆ ಅಂದುಕೊಂಡಿದ್ದೆ. ಅದೂ ತಪ್ಪಿಸಿಕೊಳ್ಳೋದೇ, ಅನುಮಾನದ ಜೊತೆ ಹತ್ತು ನಿಮಿಷ ಕೂರೋಕೆ ಆಗದೆ ಇರೋದು. ನಿಮ್ಮಲ್ಲೂ ಇಂಥದ್ದು ಏನೋ ಇರುತ್ತೆ. ಮ್ಯಾನೇಜರ್ ಮೇಲ್ ತೆರೆಯದೆ ಇಡೋದು, ರಿವ್ಯೂ ಮೀಟಿಂಗ್ ದಿನ ರಜೆ ಹಾಕೋದು, ನಾಡಿ ಹಿಡಿದು ಹಿಡಿದು ನೋಡೋದು, ಎದೆನೋವು ಅಂತ ಗೂಗಲ್ ಮಾಡೋದು.

ಇದಕ್ಕೆ ಕ್ರಮ ಸರಳ, ಮಾಡೋದು ಕಷ್ಟ. ತಪ್ಪಿಸಿಕೊಳ್ಳೋದನ್ನೆಲ್ಲ ಬರೆದು, ಸುಲಭದ್ದರಿಂದ ಕಷ್ಟದ್ದಕ್ಕೆ ಮೆಟ್ಟಿಲ ಹಾಗೆ ಜೋಡಿಸಿ. ಕೆಳಗಿನದನ್ನು ಶುರು ಮಾಡಿ, ಬೇಸರ ಬರೋವರೆಗೆ ಮಾಡಿ. ಬೇಸರ ಬಂತು ಅಂದರೆ ಭಯ ಹೋಯಿತು ಅಂತ ಲೆಕ್ಕ. ಮಾಡುವಾಗ ಎದೆ ಹೊಡೆದುಕೊಳ್ಳುತ್ತದೆ, ಹೊಡೆದುಕೊಳ್ಳಲಿ. ಜೋರು ಗಾಬರಿ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುತ್ತತುದಿ ಮುಟ್ಟಿ ಆಮೇಲೆ ತಾನೇ ಇಳಿಯುತ್ತದೆ. ಇಳಿಯೋವರೆಗೆ ಅಲ್ಲೇ ಇರೋದೇ ಚಿಕಿತ್ಸೆ. ಕೌನ್ಸೆಲರ್‌ಗಳು ಸಿಬಿಟಿ (ಯೋಚನೆ, ನಡವಳಿಕೆ ಬದಲಿಸೋ ಮಾತಿನ ಚಿಕಿತ್ಸೆ) ಅಂತ ಮಾಡಿಸೋದರಲ್ಲಿ ಇದು ದೊಡ್ಡ ಭಾಗ.

ನಡಿಗೆ, ವ್ಯಾಯಾಮ ನಿಮಗೆ ಗೊತ್ತಿರೋದೇ. ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮಾಡಿ.

ಧ್ಯಾನದ ಬಗ್ಗೆ ಒಂದು ಮಾತು. ಅಮೆರಿಕದಲ್ಲಿ ಆತಂಕದ ಕಾಯಿಲೆ ಇದ್ದ 276 ಜನರಲ್ಲಿ ಒಂದು ಗುಂಪಿಗೆ ಎಸಿಟಾಲೋಪ್ರಾಮ್ ಮಾತ್ರೆ, ಇನ್ನೊಂದು ಗುಂಪಿಗೆ 8 ವಾರದ ಧ್ಯಾನದ ತರಬೇತಿ ಕೊಟ್ಟು ನೋಡಿದ್ದರು. 2022ರಲ್ಲಿ ಫಲಿತಾಂಶ ಬಂತು: ಎರಡೂ ಗುಂಪಿಗೆ ಹೆಚ್ಚುಕಡಿಮೆ ಅಷ್ಟೇ ಪ್ರಯೋಜನ. ಆದರೆ ಆ ತರಬೇತಿಯಲ್ಲಿ ವಾರಕ್ಕೊಂದು ಉದ್ದದ ಕ್ಲಾಸ್, ಮೇಲೆ ದಿನಾ ಮನೆಯಲ್ಲಿ 45 ನಿಮಿಷ ಅಭ್ಯಾಸ. ಆ್ಯಪ್ ಹಾಕಿಕೊಂಡು ಐದು ನಿಮಿಷ ಕಣ್ಣು ಮುಚ್ಚಿ ‘ನನಗೆ ವರ್ಕ್ ಆಗಲಿಲ್ಲ’ ಅನ್ನೋದು ಬೇರೆ ವಿಷಯ, ಅಲ್ವಾ?

ಮಾತ್ರೆಯ ಭಯದ ಬಗ್ಗೆಯೂ ಹೇಳಬೇಕು. ನೀವು ಎರಡು ಬಗೆಯನ್ನು ಬೆರೆಸಿದ್ದೀರಿ ಅನ್ನಿಸುತ್ತೆ. ಆಲ್ಪ್ರಜೋಲಾಮ್ ಥರದ ಮಾತ್ರೆ ತಕ್ಷಣ ತಣ್ಣಗೆ ಮಾಡುತ್ತದೆ, ತುಂಬಾ ದಿನ ತಗೊಂಡರೆ ಅಂಟಿಕೊಳ್ಳುತ್ತದೆ. ಎಸಿಟಾಲೋಪ್ರಾಮ್ ಥರದ್ದು ಹಾಗಲ್ಲ, ಅದರ ಕೆಲಸ ಗೊತ್ತಾಗೋಕೇ ಕೆಲವು ವಾರ ಬೇಕು, ಬಿಡುವಾಗ ಡಾಕ್ಟರ್ ಹೇಳಿದ ಹಾಗೆ ನಿಧಾನವಾಗಿ ಇಳಿಸಬೇಕು. ಯಾವುದನ್ನಾದರೂ ಈಗಾಗಲೇ ಶುರು ಮಾಡಿದ್ದರೆ ನನ್ನ ಉತ್ತರ ಓದಿ ನಿಲ್ಲಿಸಿಬಿಡಬೇಡಿ. ಮಾತ್ರೆ ತಗೊಳ್ಳೋದು ಸೋಲೂ ಅಲ್ಲ.

ಕೆಲವು ವಾರ ಪ್ರಯತ್ನಿಸಿಯೂ ಕೆಲಸಕ್ಕೆ ಹೋಗೋದೇ ಕಷ್ಟವಾದರೆ, ಊಟ ಸೇರದಿದ್ದರೆ ತಡ ಮಾಡಬೇಡಿ. ಬದುಕೋದೇ ಬೇಡ ಅನ್ನಿಸಿದರಂತೂ ವಾರಗಟ್ಟಲೆ ಕಾಯೋ ಮಾತೇ ಇಲ್ಲ, ಅವತ್ತೇ ಮಾತಾಡಿ. ಕೇಂದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ನಂಬರ್ ಹಗಲು ರಾತ್ರಿ ಇರುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ಹತ್ತಿರ ಇದ್ದರೆ ನಿಮ್ಹಾನ್ಸ್ ಇದೆ, ಜಿಲ್ಲಾ ಆಸ್ಪತ್ರೆಗಳಲ್ಲೂ ಮನೋವೈದ್ಯರು ಸಿಗುತ್ತಾರೆ. ಹೋಗುವಾಗ ಆ ಮೆಟ್ಟಿಲ ಪಟ್ಟಿ ಜೊತೆಗೆ ಒಯ್ಯಿರಿ. ‘ಸುಮ್ನೆ ಟೆನ್ಷನ್ ಸಾರ್’ ಅಂದರೆ ಅವರಿಗೆ ಹಿಡಿಯೋಕೆ ಏನೂ ಸಿಗಲ್ಲ, ‘ಮ್ಯಾನೇಜರ್ ಮೇಲ್ ಮೂರು ದಿನದಿಂದ ತೆರೆದಿಲ್ಲ’ ಅಂದರೆ ಅಲ್ಲಿಂದಲೇ ಶುರು ಮಾಡಬಹುದು.