ಕಿಟಕಿಗೆ ಸರಿ, ಚಾವಣಿಗೆ ಬೇಡ

ಬಿಸಿಲನ್ನು ಹೀರಿ ಅಂಚಿಗೆ ತಂದುಕೊಡುವ ಬಣ್ಣದ ಪ್ಲಾಸ್ಟಿಕ್ ಹಾಳೆಗಳ ಬಗ್ಗೆ ಓದಿದ್ದೀರಿ. ಚಾವಣಿಯ ಸೋಲಾರ್ ಪ್ಯಾನೆಲ್ ಬದಲು ಅದನ್ನೇ ಹಾಸಬಹುದಲ್ಲವೇ ಎಂದು ಕೇಳಿದ್ದೀರಿ. ಚಾವಣಿಗೆ ಬೇಡ. ಆದರೆ ಕಿಟಕಿ, ಗೋಡೆಗಳ ಮಟ್ಟಿಗೆ ಈ ಹಾಳೆಯ ಮೇಲೆ ನನಗೆ ಬಹಳ ಭರವಸೆಯಿದೆ.

ಮಿರುಗುವ ಕಿತ್ತಳೆ ಬಣ್ಣದ ಪಾರದರ್ಶಕ ಸ್ಕೇಲೊಂದನ್ನು ಬಿಸಿಲಿಗೆ ಹಿಡಿದು ನೋಡಿ. ಮೈಯೆಲ್ಲ ತಿಳಿಬಣ್ಣ, ಅಂಚು ಮಾತ್ರ ದೀಪ ಹಚ್ಚಿದಂತೆ ಹೊಳೆಯುತ್ತದೆ. ಇಲ್ಲಿರುವುದೂ ಅದೇ ತತ್ವ. ಒಳಗಿನ ಬಣ್ಣದ ಅಣುಗಳು ಬೆಳಕನ್ನು ಹೀರಿ, ತುಸು ಹೆಚ್ಚು ತರಂಗಾಂತರದ ಬೆಳಕಾಗಿ ಎಲ್ಲ ದಿಕ್ಕಿಗೂ ಸೂಸುತ್ತವೆ. ಹಾಳೆಯ ವಕ್ರೀಭವನಾಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ) 1.5 ಇದ್ದರೆ, ಹಾಗೆ ಸೂಸಿದ್ದರಲ್ಲಿ ಸುಮಾರು ಶೇ 75 ಭಾಗ ಹೊರಬೀಳಲಾರದೆ ಒಳಗೊಳಗೇ ಪ್ರತಿಫಲಿಸುತ್ತ ಅಂಚಿನತ್ತ ಸಾಗುತ್ತದೆ. ಅಲ್ಲಿ ಸೌರಕೋಶದ ಕಿರುಪಟ್ಟಿ ಅಂಟಿಸಿದರಾಯಿತು. ಮಸೂರ, ಕನ್ನಡಿಗಳ ಹಾಗೆ ಸೂರ್ಯನ ಜೊತೆ ತಿರುಗಬೇಕಾಗಿಲ್ಲ. ಮೋಡ ಕವಿದ ದಿನದ ಚದುರಿದ ಬೆಳಕನ್ನೂ ಇದು ಹಿಡಿಯುತ್ತದೆ.

1 ಮೀಟರ್ ಉದ್ದಗಲ, 5 ಮಿಲಿಮೀಟರ್ ದಪ್ಪದ ಹಾಳೆ ಎನ್ನಿ. ಅದರ ಮುಖ ನಾಲ್ಕೂ ಅಂಚುಗಳ ಒಟ್ಟು ವಿಸ್ತೀರ್ಣದ 50 ಪಟ್ಟು. ಹಾಗೆಂದು ಅಂಚಿಗೆ 50 ಪಟ್ಟು ಬೆಳಕು ಬರುವುದಿಲ್ಲ. ಒಂದು ಅಣು ಸೂಸಿದ್ದನ್ನು ದಾರಿಯಲ್ಲಿ ಇನ್ನೊಂದು ಅಣು ನುಂಗಿ ಮತ್ತೆ ಸೂಸುತ್ತದೆ. ಪ್ರತಿ ಸಲವೂ ಕಾಲು ಪಾಲು ಮೇಲ್ಮೈಯಿಂದ ಜಾರಿಹೋಗುತ್ತದೆ. ಹಾಳೆ ದೊಡ್ಡದಾದಷ್ಟೂ ನಷ್ಟ ಹೆಚ್ಚು. 1970ರ ದಶಕದಲ್ಲೇ ಹುಟ್ಟಿದ ಈ ವಿಚಾರ ಪ್ರಯೋಗಾಲಯದ ಹೊಸ್ತಿಲು ದಾಟಲು ಇಷ್ಟು ತಿಣುಕಿದ್ದಕ್ಕೆ ದೊಡ್ಡ ಕಾರಣ ಇದೇ. 2008ರಲ್ಲಿ ವರದಿಯಾದ ಶೇ 7.1ರ ದಕ್ಷತೆ ಬಹಳ ಹೆಸರು ಮಾಡಿತು. ಆ ಹಾಳೆಯ ಉದ್ದಗಲ ಬರೀ 5 ಸೆಂಟಿಮೀಟರ್. ನಾಲ್ಕೂ ಅಂಚಿಗೆ ದುಬಾರಿ ಗ್ಯಾಲಿಯಂ ಆರ್ಸೆನೈಡ್ ಕೋಶ. ಮಾಮೂಲಿ ಸಿಲಿಕಾನ್ ಪ್ಯಾನೆಲ್ಲೇ ಶೇ 20 ದಾಟಿರುವಾಗ ಚಾವಣಿಯಲ್ಲಿ ಇದಕ್ಕೇನು ಕೆಲಸ?

ನನ್ನ ಭರವಸೆಗೆ ಕಾರಣ ಕ್ವಾಂಟಮ್ ಡಾಟ್‌ಗಳು, ಅಂದರೆ ಬಣ್ಣದ ಅಣುಗಳ ಬದಲು ಬಳಸುವ, ಬೆಳಕು ಹೀರಿ ಸೂಸುವ ಅರೆವಾಹಕದ ಅತಿಸೂಕ್ಷ್ಮ ಹರಳುಗಳು. ದಪ್ಪ ಕವಚವಿರುವ ಡಾಟ್‌ನಲ್ಲಿ ಬೆಳಕನ್ನು ಹೆಚ್ಚಾಗಿ ಹೀರುವುದು ಹೊರಕವಚ, ಸೂಸುವುದು ಒಳತಿರುಳು. ತಿರುಳು ಸೂಸುವ ಬಣ್ಣವನ್ನು ಕವಚ ಹೀರುವುದಿಲ್ಲವಾದ್ದರಿಂದ ದಾರಿಯಲ್ಲಿ ನುಂಗಿಹೋಗುವ ಪಾಲು ಬಹಳ ತಗ್ಗುತ್ತದೆ. ಇಂಥವುಗಳಲ್ಲಿ ಹಲವು ವಿಷಕಾರಿ ಕ್ಯಾಡ್ಮಿಯಂನಿಂದ ಆದವು. ಮನೆಯ ಕಿಟಕಿಗೆ ಅದು ಬೇಡವೆಂದೇ ತಾಮ್ರ, ಇಂಡಿಯಂ, ಗಂಧಕದ ಡಾಟ್‌ಗಳತ್ತ ಸಂಶೋಧಕರು ಹೊರಳಿದ್ದಾರೆ. ನೇರಳಾತೀತ, ಅವಗೆಂಪು ಕಿರಣಗಳನ್ನಷ್ಟೇ ಹಿಡಿದು, ಕಣ್ಣಿಗೆ ಕಾಣುವ ಬೆಳಕನ್ನು ಒಳಗೆ ಬಿಡುವ ಗಾಜುಗಳೂ ಬರುತ್ತಿವೆ. ವಿದ್ಯುತ್ ಕಡಿಮೆಯೇ ಸಿಕ್ಕೀತು. ಆದರೆ ಎತ್ತರದ ಕಟ್ಟಡದಲ್ಲಿ ಚಾವಣಿಗಿಂತ ಗಾಜಿನ ವಿಸ್ತೀರ್ಣವೇ ಎಷ್ಟೋ ಹೆಚ್ಚು, ಇವತ್ತು ಬಹುತೇಕ ಕಟ್ಟಡಗಳಲ್ಲಿ ಅದರಿಂದ ಒಂದು ಯೂನಿಟ್ಟೂ ಹುಟ್ಟುತ್ತಿಲ್ಲ.

ಮುಂದೆ ಇಂಥ ಸುದ್ದಿ ಓದುವಾಗ ದಕ್ಷತೆಯ ಜೊತೆಗೆ ಹಾಳೆಯ ಅಳತೆಯನ್ನೂ, ಬಣ್ಣ ಎಷ್ಟು ವರ್ಷ ಬಿಸಿಲು ತಡೆಯಿತು ಎಂಬುದನ್ನೂ ಹುಡುಕಿ ನೋಡಿ.

– ಸಂಪಾದಕ