ಹಳೇ ಓಣ್ಯಾಗ ಹೊಸಾ ಮನಿ, ತಗೋಬೇಕೋ ಬ್ಯಾಡೋ?

ಪ್ರಶ್ನೆ: ಸರ್, ನಾವು ವಿಜಯಪುರದವ್ರು. ಜುಮ್ಮಾ ಮಸೀದಿ ಕಡೆ ಹಳೇ ಓಣ್ಯಾಗ ಒಂದು ಹೊಸಾ ಮನಿ ನೋಡೇವಿ. ಜಾಗಾ 15 ಬೈ 38, ಕೆಳಗ ಹಾಲ್ ಕಿಚನ್, ಮ್ಯಾಲೆ ಎರಡು ಬೆಡ್‌ರೂಮ್. ಮೊದಲು ಅಲ್ಲೆ ಹಳೇ ಮಾಳಗಿ ಮನಿ ಇತ್ತಂತ, ಅದನ್ನ ಕೆಡವಿ ಆರು ತಿಂಗಳದಾಗ ಕಟ್ಯಾರ. 46 ಲಕ್ಷ ಹೇಳ್ತಾರ. ಮನಿಯವ್ರಿಗೆ ಭಾಳ ಮನಸಾಗೇದ, ಅವ್ವಗೂ ಬಜಾರ ಹತ್ರ ಆಗ್ತದ. ನನಗಷ್ಟ ಏನೋ ಅಳುಕು. ಮಾರೋರು ಮಾತ್ರ "ಉತಾರ ಕ್ಲಿಯರ್ ಐತ್ರಿ, ಟೆನ್ಶನ್ ಬ್ಯಾಡ" ಅಂತಾರ.
— ಒಬ್ಬ ಓದುಗರು, ವಿಜಯಪುರ

ಉತ್ತರ: ಜುಮ್ಮಾ ಮಸೀದಿ ಕಡೆ ಅಂದ್ರಿ, ಎಷ್ಟು ಹತ್ರ ಅಂತ ಬರೀಲಿಲ್ಲ ನೋಡ್ರಿ, ಅದರ ಮ್ಯಾಲೇ ಎಲ್ಲಾ ನಿಂತದ. ನಮ್ಮೂರಾಗ ಗೋಳಗುಮ್ಮಟ ಒಂದ ಅಲ್ಲ, ಜುಮ್ಮಾ ಮಸೀದಿ, ಬಾರಾ ಕಮಾನ್, ಮೆಹತರ್ ಮಹಲ್, ಅಸರ್ ಮಹಲ್, ಗಗನ್ ಮಹಲ್, ಉಪ್ಲಿ ಬುರುಜು, ಹಿಂಗ ಹೆಜ್ಜೆಗೊಂದು ಸ್ಮಾರಕ, ಎಲ್ಲಾ ಕೇಂದ್ರದ ಪುರಾತತ್ವ ಇಲಾಖೆ ಕೈಯಾಗ ಇರೋವು. ಇಂಥ ಸ್ಮಾರಕದ ಹದ್ದಿನಿಂದ 100 ಮೀಟರ್ ಒಳಗ ಹೊಸಾ ಕಟ್ಟಡಾನ ಕಟ್ಟೂಹಂಗಿಲ್ಲ. ಅದರಾಚೆ ಮತ್ತ 200 ಮೀಟರ್ ಅದ, ಅಲ್ಲಿ ಕಟ್ಟಬಹುದು, ಆದ್ರ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ಎನ್‌ಓಸಿ, ಅಂದ್ರ ನಮ್ಮ ತಕರಾರಿಲ್ಲ ಅನ್ನೋ ಪತ್ರ, ಬೇಕು. ಸ್ಮಾರಕ ಕಾಯ್ದೆಗೆ 2010ರ ತಿದ್ದುಪಡಿ ಬಂದ ಮ್ಯಾಲೆ ಇದು ಭಾಳ ಬಿಗಿ ಆಗೇದ, ತಪ್ಪಿದ್ರ ಎರಡು ವರ್ಷದ ತನಕ ಜೈಲು, ಇಲ್ಲಾ ಒಂದು ಲಕ್ಷದ ತನಕ ದಂಡ, ಇಲ್ಲಾ ಎರಡೂ.

ಈಗ ಆಟ ಎಲ್ಲದ ಗೊತ್ತೇನು? 100 ಮೀಟರ್ ಒಳಗಿನ ಹಳೇ ಮನಿ, 1992ರ ಜೂನ್ 16ಕ್ಕಿಂತ ಮೊದಲಿಂದೂ ಇದ್ರ, ಅದರ ರಿಪೇರಿಗೆ ಪರ್ಮಿಷನ್ ಸಿಗ್ತದ. ರಿಪೇರಿ ಅಂದ್ರ ಮಾಳಗಿ ಸೋರೋದು ಬಂದ್ ಮಾಡೋದು, ಗಿಲಾವ್ ಹಾಕ್ಸೋದು, ಅಷ್ಟ. ಕೆಲವ್ರು ಆ ರಿಪೇರಿ ಕಾಗದ ತಗೊಂಡು ಮುಂದ ಹಸಿರು ಪರದೆ ಕಟ್ಟಿ ಒಳಗ ಪೂರ್ತಿ ಕೆಡವಿ ಕಾಲಂ ಎಬ್ಬಿಸಿಬಿಡ್ತಾರ. ನಿಮ್ಮ ಮನಿ ಹಂಗ ಆಗೇದ ಅಂತ ನಾ ಹೇಳೂದಿಲ್ಲ. ಆದ್ರ "ಉತಾರ ಕ್ಲಿಯರ್" ಅನ್ನೋ ಮಾತಿಗೆ ಮಾತ್ರ ಮರುಳಾಗಬ್ಯಾಡ್ರಿ, ಉತಾರ ಜಾಗಾ ಯಾರದು ಅಂತ ಹೇಳ್ತದ, ಅದರ ಮ್ಯಾಲಿನ ಕಟ್ಟಡ ಕಾಯ್ದೆ ಪ್ರಕಾರ ಅದನೋ ಇಲ್ಲೋ ಅಂತ ಹೇಳೂದಿಲ್ಲ. ಮಹಾನಗರ ಪಾಲಿಕೆ ಪಾಸ್ ಮಾಡಿದ ಪ್ಲಾನು ಕೇಳ್ರಿ, 300 ಮೀಟರ್ ಒಳಗಿದ್ರ ಎನ್‌ಓಸಿ ಕೇಳ್ರಿ, ಅದರಾಗ ಬರೆದ ಎತ್ತರ ಮತ್ತ ಕಟ್ಟಿದ ಎತ್ತರ ತಾಳೆ ನೋಡ್ರಿ. ತೋರಸಾಕ "ನಾಳೆ ನಾಳೆ" ಅಂದ್ರ ಅಲ್ಲೇ ಕೈ ಮುಗೀರಿ.

ಉತಾರದಾಗ ಇನ್ನೊಂದು ನೋಡೋದದ. 15 ಬೈ 38 ಅಂದ್ರ 570 ಚದರ ಅಡಿ, ಅಂದಾಜು 53 ಚದರ ಮೀಟರ್. ಸಿಟಿ ಸರ್ವೆ ಉತಾರದಾಗ 47 ಅಂತ ಇತ್ತಂದ್ರ ಉಳಿದ ಆರು ಚದರ ಮೀಟರ್ ಓಣಿದು ಇಲ್ಲಾ ಬಾಜೂದವ್ರದು! ಹಳೇ ಮನಿಗೆ ವಾರಸದಾರರು ಭಾಳ ಇರ್ತಾರ, ಅಕ್ಕ ತಂಗಿಯರು ಸೊಲ್ಲಾಪುರದಾಗೋ ಪುಣೆದಾಗೋ ಇರ್ತಾರ, ಅವ್ರ ಸಹಿ ಇಲ್ಲದ ಮಾರಿದ್ದು ಮುಂದ ಕೋರ್ಟಿಗೆ ಹೋಗ್ತದ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಾಗ ಇಸಿ, ಅಂದ್ರ ಜಾಗಾದ ಮ್ಯಾಲೆ ಸಾಲ, ಮಾರಾಟ ಏನೇನು ನೋಂದಣಿ ಆಗೇದ ಅಂತ ತೋರಸೋ ಋಣಭಾರ ಪತ್ರ, ತಗೀರಿ, ಇ-ಖಾತಾ ನೋಡ್ರಿ, ವಕೀಲರಿಗೊಮ್ಮೆ ತೋರಸ್ರಿ.

ಕಾಗದ ಸರಿ ಇದ್ರ ಮನಿಗೆ ಬರೋಣ. ಬಾಜೂ ಮನಿ ಮುದುಕರನ್ನ ಹಿಡದು ಕೇಳ್ರಿ, "ಅಜ್ಜಾ, ಇಲ್ಲಿ ಬಾವಡಿ ಏನರ ಇತ್ತೇನು?" ಅಂತ. ನಗಬ್ಯಾಡ್ರಿ. ಆದಿಲ್‌ಶಾಹಿ ಕಾಲದಾಗ ನೀರಿಗೆ ಹೆಸರಾದ ಊರಿದು, ತಾಜ್ ಬಾವಡಿ ದೊಡ್ಡದು ಅಂತ ಉಳೀತು, ಸಣ್ಣ ಬಾವಿ ಎಷ್ಟೋ ಕಸಾ ಮಣ್ಣು ತುಂಬಿ ಮುಚ್ಚಿಹೋದ್ವು. ನಾನ ಒಂದ್ಸಲ ಇದರಾಗ ಮೋಸ ಹೋಗೀನಿ. ಹೊಸದಾಗಿ ಇಂಜಿನಿಯರ್ ಆದಾಗ ಸಂಬಂಧಿಕರ ಮನಿ ನೋಡಿ "ಏನೂ ಇಲ್ಲ ತಗೋರಿ" ಅಂದಿದ್ದೆ, ಎರಡನೇ ಮಳಿಗಾಲಕ್ಕ ಅಡಗಿ ಮನಿ ಬಾಗಲದ ಮೂಲಿಯಿಂದ ಸಂದು ಬಿಟ್ಟಿತು, ಓರೆಯಾಗಿ, ಒಂದು ರೂಪಾಯಿ ನಾಣ್ಯ ನಿಲ್ಲೋವಷ್ಟು. ಆಮ್ಯಾಲೆ ಗೊತ್ತಾಯ್ತು, ಹಿಂದಿನ ಕಾಲಂ ನಿಂತದ್ದು ತುಂಬಿದ ಬಾವಿ ಮ್ಯಾಲೆ. ಇಂದಿಗೂ ಆ ಮನಿಗೆ ಚಹಾಕ್ಕ ಹೋದ್ರ ಆ ಮೂಲಿ ಕಡೆ ನೋಡೂದಿಲ್ಲ ನಾ.

ಇನ್ನ ಗ್ವಾಡಿ. ಹಳೇ ಓಣ್ಯಾಗ ಬಾಜೂದವ್ರ ಕಲ್ಲು ಮಣ್ಣಿನ ಗ್ವಾಡಿ, ನಿಮ್ಮ ಹೊಸಾ ಗ್ವಾಡಿ, ನಡುವ ಮೂರ್ನಾಕು ಬಳ್ಳು ಸಂದಿ ಇರ್ತದ, ಗಿಲಾವ್ ಹಾಕಾಕ ಅಲ್ಲಿ ಕೈನ ಹೋಗೂದಿಲ್ಲ. ಮಳಿ ನೀರು ಆ ಸಂದ್ಯಾಗ ಇಳದು ನಿಂತು ಎರಡೂ ಕಡೆ ಹಸಿ ಹಿಡೀತದ. ಮಾಳಗಿ ಮ್ಯಾಲೆ ಹೋಗಿ ಬಗ್ಗಿ ನೋಡ್ರಿ, ಆ ಸಂದಿ ಮ್ಯಾಲೆ ತಗಡಿನ ಶೀಟೋ ಕಾಂಕ್ರೀಟೋ ಮುಚ್ಚ್ಯಾರಿಲ್ಲೋ ಅಂತ. ನಮ್ಮ ಕಡೆ ಸೆಪ್ಟೆಂಬರದಾಗ ಮಳಿ ಜೋರು, ಸಾಧ್ಯ ಆದ್ರ ಅದು ಮುಗಿಯೋ ತನಕ ತಡೀರಿ, ಹೊಸಾ ಪೇಂಟ್ ಎಲ್ಲಾ ಮುಚ್ಚಿಡ್ತದ, ಮಳಿ ಮುಚ್ಚಿಡೂದಿಲ್ಲ.

ಮೆಟ್ಟಲ ಅಳೀರಿ. ಸಣ್ಣ ಜಾಗಾದಾಗ ಮೆಟ್ಟಲಕ್ಕ ಜಾಗಾ ಉಳಸಾಕ ಹೋಗಿ ಒಂಬತ್ತು ಇಂಚು ಎತ್ತರ ಮಾಡಿರ್ತಾರ, ಏಳು ಇಂಚು ಇದ್ರ ಚೊಲೊ. ನಿಮ್ಮ ಅವ್ವ ಮ್ಯಾಲೆ ಹತ್ತಂಗಿಲ್ಲ, ಹಂಗಾದ್ರ ಕೆಳಗ ಅವ್ರು ಎಲ್ಲಿ ಮಲಗಬೇಕು, ಹಾಲಿನಾಗೇನು? ತಿಜೋರಿ ಮ್ಯಾಲೆ ಹೋಗ್ತದೋ ಇಲ್ಲೋ ಅದನ್ನೂ ಯೋಚನಿ ಮಾಡ್ರಿ.

ರೊಕ್ಕದ ಲೆಕ್ಕ: 46 ಲಕ್ಷಕ್ಕ ಸ್ಟ್ಯಾಂಪ್ ಡ್ಯೂಟಿ ಸೆಸ್ ಸರ್‌ಚಾರ್ಜ್ ಕೂಡಿ 5.6 ಪರ್ಸೆಂಟ್, ರಿಜಿಸ್ಟ್ರೇಷನ್ ಫೀ 2025ರ ಆಗಸ್ಟ್ 31ರಿಂದ 2 ಪರ್ಸೆಂಟ್ ಆಗೇದ, ಅಂದ್ರ ಮೂರೂವರಿ ಲಕ್ಷ ಮ್ಯಾಲೆ ಇಟ್ಕೊಂಡಿರ್ರಿ.

ಪ್ರಶ್ನೆ: ಇಂಥ ಒಂದೊಂದ ಮನಿಗೆ ರೇರಾ, ಅಂದ್ರ ಬಿಲ್ಡರ್‌ಗಳ ಮ್ಯಾಲೆ ಹಿಡಿತ ಇಡೋ ರಿಯಲ್ ಎಸ್ಟೇಟ್ ಕಾಯ್ದೆ, ಬರ್ತದೇನ್ರಿ?

ಉತ್ತರ: ಇಲ್ರಿ. 500 ಚದರ ಮೀಟರ್ ಒಳಗಿನ ಜಾಗಾಕ್ಕ ರೇರಾ ರಿಜಿಸ್ಟ್ರೇಷನ್ ಬೇಕಿಲ್ಲ. ಅದಕ್ಕ ಸೋರಿದ್ರ, ಸಂದು ಬಿಟ್ರ ಎಷ್ಟು ವರ್ಷ ಅವ್ರ ಖರ್ಚಿನಾಗ ರಿಪೇರಿ ಅಂತ ಸಂಚಕಾರ ಪತ್ರದಾಗ, ಅಂದ್ರ ಮುಂಗಡ ಕೊಟ್ಟು ಮಾಡೋ ಕರಾರಿನಾಗ, ಬರಸ್ಕೋರಿ, ಬಾಯಿ ಮಾತು ಬ್ಯಾಡ.

ಪ್ರಶ್ನೆ: ಬಾಜೂ ಖಾಲಿ ಜಾಗಾದ ಕಡೆ ಕಿಟಕಿ ಇಟ್ಟಾರ, ಭಾಳ ಬೆಳಕು ಬರ್ತದ. ತೊಂದ್ರಿ ಏನು?

ಉತ್ತರ: ಆ ಬೆಳಕು ಬಾಜೂದವ್ರು ಮನಿ ಕಟ್ಟೋ ತನಕ. 20 ವರ್ಷ ತಡೆ ಇಲ್ಲದ ಬೆಳಕು ಬಂದಿದ್ರ ಹಕ್ಕು ಕೇಳಬಹುದು, ಮೊನ್ನೆ ಇಟ್ಟ ಕಿಟಕಿಗೆ ಏನೂ ಇಲ್ಲ. ಆ ಕಿಟಕಿ ಮುಚ್ಚಿ, ಲೈಟ್ ಆಫ್ ಮಾಡಿ, ಮಧ್ಯಾಹ್ನ ಹನ್ನೆರಡಕ್ಕ ಅಡಗಿ ಮನ್ಯಾಗ ನಿಂದ್ರಿ. ಅಕ್ಕಿ ಆರಸೋವಷ್ಟು ಬೆಳಕಿದ್ರ ಮುಂದಿನ ಮಾತು ಆಡ್ರಿ.